ನೂರನಾಲ್ಕು ಅಡಿ ಆಚೆ

ಎರಡು ವರ್ಷದ ಹಿಂದೆ, ಏಪ್ರಿಲ್ ತಿಂಗಳ ಮೊದಲ ಮಂಗಳವಾರ. ಆವತ್ತು ಬೆಳಿಗ್ಗೆ ರಸ್ತೆ ಮೇಲೆ ಮಂಜುಗಡ್ಡೆ ಕಟ್ಟದೆ ಇದ್ದಿದ್ರೆ, ಮೈಲೊ, ಕೆರೆ ರಸ್ತೆಯ ಹಾಫ್‌ಮನ್ ಅಕ್ಕತಂಗಿಯರು ಮೂವರೂ ವೋಟು ಹಾಕೋಕೆ ಬರ್ತಿದ್ರು. ಮೂವರೂ ನನ್ನವರು. ಆಗ ನನಗೆ ಇನ್ನೂರ ಹದಿನಾಲ್ಕು, ಎದುರಾಳಿ ಲೈಲ್‌ಗೆ ಇನ್ನೂರ ಹನ್ನೊಂದು. ಈ ಊರಿನ ಚೇರ್ಮನ್ ನಾನು.

ಯಾಕೆ ನಗ್ತೀಯ?

ನಗು. ಇದು ಒಂದನೇ ದಾರಿ. ನಾನು ಗೆದ್ದಿರಬಹುದಾದ ದಾರಿಗಳು ಒಟ್ಟು ಆರು. ಈ ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ. ನೀನು ಮಂಜುಗಡ್ಡೆಯ ತೂತಿಗೆ ಬಿಟ್ಟ ಗಾಳ ನೋಡ್ಕೊಂಡೇ ಕೇಳು, ಪರವಾಗಿಲ್ಲ. ಮೀನು ಎಲ್ಲಿಗೆ ಓಡಿಹೋಗುತ್ತೆ, ತಲೆ ಮೇಲೆ ಎರಡು ಅಡಿ ಮಂಜುಗಡ್ಡೆ ಇದೆ.

ಎರಡನೇ ದಾರಿ, ಓಲ್ಸನ್ ಮನೆ ಹಸು. ಸರಿಯಾಗಿ ಸಂಜೆ ಆರಕ್ಕೆ ಅದಕ್ಕೆ ಹೆರಿಗೆ ನೋವು. ಗಂಡ ಹೆಂಡತಿ ಇಬ್ಬರೂ ಕೊಟ್ಟಿಗೆಯಲ್ಲೇ ಉಳಿದರು. ಅದು ಇನ್ನೆರಡು ಗಂಟೆ ತಡೆದಿದ್ರೆ ನನಗೆ ಎರಡು ವೋಟು. ಆ ಕರು ಈಗ ಇಷ್ಟೆತ್ತರ ಕಡಸು, ಗೊತ್ತಾ? ಬೇಲಿ ಹತ್ರ ನಾನು ಹೋದ್ರೆ ಬಂದು ಕೈ ನೆಕ್ಕುತ್ತೆ. ನಾಚಿಕೆ ಇಲ್ಲ.

ಮೂರನೆಯದು ಕಾಫಿ ಡಬ್ಬಿ. ಇಬ್ಬರಿಗೂ ಇನ್ನೂರ ಹನ್ನೊಂದು ಬಂತಲ್ಲ, ಚೀಟಿ ಎತ್ತಬೇಕು ಅಂತ ಕಾನೂನು. ಸರಿ. ಆದರೆ ಗುಮಾಸ್ತೆ ಇರ್ಮಾ ಲೈಲ್‌ನ ಚೀಟಿಯನ್ನ ಎರಡು ಮಡಿಕೆ ಮಾಡಿದಳು, ನನ್ನದನ್ನ ನಾಲ್ಕು. ಚಿಕ್ಕದಾಗಿ, ದಪ್ಪಗೆ. ಡಬ್ಬಿ ಕುಲುಕಿದ್ರೆ ಅಂಥದ್ದು ತಳಕ್ಕೆ ಹೋಗುತ್ತೆ. ಅವಳ ಕೈಗೆ ಬಂದಿದ್ದು ಲೈಲ್‌ನ ಚೀಟಿ. ಮನೇಲಿ ಮಾಡಿ ನೋಡಿದ್ದೀನಿ. ನಲವತ್ತು ಸಲ ಎತ್ತಿದ್ರೆ ಇಪ್ಪತ್ತಾರು ಸಲ ಎರಡು ಮಡಿಕೆಯದ್ದೇ ಬಂತು. ಆರ್ಲಿಸ್ ನೋಡಿದಳು. 'ಎಲ್ಡನ್, ಆ ಡಬ್ಬಿಯಲ್ಲಿ ಕಾಫಿ ಪುಡಿ ಇತ್ತು, ಎಲ್ಲಿ ಸುರಿದೆ' ಅಂದಳು. ಅಷ್ಟೇ. ಹೆಂಡತಿ ಕೇಳಬೇಕಾದ ಪ್ರಶ್ನೆ ಅದಾ?

ಅಸೂಯೆ ಅಂತೀಯಾ? ಇಲ್ಲ, ಬಾಯಿಬಿಟ್ಟು ಹೇಳಲಿಲ್ಲ. ನಿನ್ನ ಹುಬ್ಬು ಹೇಳ್ತು.

ನೀನೇ ಹೇಳು. ಹಿಮ ಬಿದ್ದ ದಿನ ರಸ್ತೆಯ ಹಿಮ ತಳ್ಳೋ ಗಾಡಿ ಲೈಲ್ ಮನೆ ತಿರುವಿಗೆ ಆರೂವರೆಗೆ ಬರುತ್ತೆ. ನನ್ನ ರಸ್ತೆಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ. ಅಡುಗೆಮನೆ ಕಿಟಕಿಯಿಂದ ನೋಡಿ ಬರೆದುಕೊಂಡಿದ್ದೀನಿ, ಎರಡು ಚಳಿಗಾಲದ್ದೂ ಇದೆ. ಶುಕ್ರವಾರ ಮೀನಿನ ಊಟಕ್ಕೆ ಹೋದ್ರೆ ಕಿಟಕಿ ಪಕ್ಕದ ಮೇಜು ಅವನಿಗೆ. ಅವನಿನ್ನೂ ಕೋಟು ಬಿಚ್ಚಿರೋದಿಲ್ಲ, ಆಗಲೇ ಯಾರೋ ಎದ್ದು ಜಾಗ ಕೊಡ್ತಾರೆ. ಆಮೇಲೆ ಆ ಕರಡಿ ಜೋಕು. ಆರ್ಲಿಸ್ ಅದನ್ನ ಹನ್ನೊಂದು ಸಲ ಕೇಳಿದ್ದಾಳೆ. ಹನ್ನೊಂದು ಸಲವೂ ನಕ್ಕಿದ್ದಾಳೆ. ಅದೇ ಜೋಕು ನಾನು ಹೇಳಿದೆ, ಮನೇಲಿ, ಒಂದಕ್ಷರ ಬಿಡದೆ. 'ಉಪ್ಪು ಕೊಡು' ಅಂದಳು.

ಅಲ್ಲಿ ನೋಡು, ಕಿಟಕಿಯಿಂದ. ಅವನ ಮೀನು ಹಿಡಿಯೋ ಗುಡಿಸಲು, ನಮ್ಮದರ ಹಾಗೇ ಹೆಪ್ಪುಗಟ್ಟಿದ ಕೆರೆ ಮೇಲೆ. ಹಸಿರು ಬಣ್ಣದ್ದು. ಒಳಗೆ ಕಾರ್ಪೆಟ್ ಹಾಕಿಸಿದ್ದಾನಂತೆ. ಮಂಜುಗಡ್ಡೆ ಮೇಲೆ ಕಾರ್ಪೆಟ್, ಮೈಲೊ.

ಹೌದು, ವಿಷಯಕ್ಕೆ ಬರ್ತೀನಿ. ಶನಿವಾರ ಊರ ಸಭೆ. ಟೌನ್ ಹಾಲಿನಲ್ಲಿ ಯಾರಾದ್ರೂ ಎದ್ದುನಿಂತು ನನ್ನ ಹೆಸರು ಹೇಳಬೇಕು. ಹೇಳದಿದ್ರೆ ಏಪ್ರಿಲ್‌ನ ಮತಪತ್ರದಲ್ಲಿ ಎಲ್ಡನ್ ಅನ್ನೋನೇ ಇರಲ್ಲ. ಆ ಯಾರಾದ್ರೂ ಅಂದ್ರೆ ನೀನು. ನಲವತ್ತು ವರ್ಷದಿಂದ ಒಂದೇ ಗುಡಿಸಲಲ್ಲಿ ಕೂತಿದ್ದೀವಿ, ಇನ್ಯಾರನ್ನ ಕೇಳಲಿ? ಉದ್ದ ಭಾಷಣ ಬೇಡ. ನಾಲ್ಕು, ಐದು ಬಿಡು, ಆರನೇ ದಾರಿ ಒಂದನ್ನ ಹೇಳು ಸಾಕು.

ಅದನ್ನ ನಿನಗೆ ಹೇಳಿಲ್ವಲ್ಲ. ಕೇಳು. ನಮ್ಮಪ್ಪ ಹದಿನೆಂಟು ವರ್ಷ ಚೇರ್ಮನ್ ಆಗಿದ್ದ. ಒಂದು ಸಲವೂ ತನ್ನ ವೋಟು ತನಗೆ ಹಾಕಿಕೊಳ್ಳಲಿಲ್ಲ. ಎದುರಾಳಿಗೇ ಹಾಕ್ತಿದ್ದ. ಹಳೆಯವರೆಲ್ಲ ಹಾಗೇ, ನಿನಗೂ ಗೊತ್ತು. ತನ್ನ ಹೆಸರಿನ ಮುಂದೆ ತಾನೇ ಗುರುತು ಹಾಕೋದು ಅಂದ್ರೆ ತನ್ನ ತಟ್ಟೆಗೆ ದೊಡ್ಡ ತುಂಡು ತಾನೇ ಬಡಿಸಿಕೊಂಡ ಹಾಗೆ ಅಂತಿದ್ರು. ನಾನೂ ಹಾಗೇ ಮಾಡಿದೆ. ಲೈಲ್‌ಗೆ ಹಾಕಿದೆ.

ಲೆಕ್ಕ ಹಾಕು. ನನಗೇ ಹಾಕಿಕೊಂಡಿದ್ರೆ ಇನ್ನೂರ ಹನ್ನೆರಡು, ಇನ್ನೂರ ಹತ್ತು. ಡಬ್ಬಿಯೂ ಇಲ್ಲ, ಚೀಟಿಯೂ ಇಲ್ಲ. ನನ್ನ ಮರ್ಯಾದೆಯೇ ನನ್ನ ಸೋಲಿಸ್ತು. ಒಳ್ಳೆ ಮಾತು ಅಲ್ವಾ? ಇದನ್ನ ನೀನು ಹೇಳಬೇಕು. ನಾನೇ ಹೇಳಿಕೊಂಡ್ರೆ ಚೆನ್ನಾಗಿರಲ್ಲ. ಆರ್ಲಿಸ್‌ಗೆ ಮಾತ್ರ ಹೇಳಿದ್ದೆ, ಆವತ್ತೇ. ಅವಳು ಸೌಟು ಹಿಡ್ಕೊಂಡು ಹಾಗೇ ನಿಂತು ನನ್ನ ನೋಡಿದಳು ಮೈಲೊ... ಲೈಲ್‌ನ ನೋಡ್ತಾಳಲ್ಲ, ಹಾಗೆ. ಶನಿವಾರ ಅವಳು ಮುಂದಿನ ಸಾಲಲ್ಲೇ ಕೂರ್ತಾಳೆ. ಊರೆಲ್ಲ ಕೇಳಲಿ, ಅವಳು ಇನ್ನೊಂದು ಸಲ ಕೇಳಲಿ.

ಏನು?

ಏನಿಲ್ಲ ಅಂದ್ರೆ ಗಾಳ ಯಾಕೆ ಕೆಳಗಿಟ್ಟೆ?

ನೀನೇ ಸಾಕ್ಷಿ, ಮಾರಾಯ. ಆವತ್ತು ಚುನಾವಣೆ ಕೆಲಸಕ್ಕೆ ಕೂತಿದ್ದೆಯಲ್ಲ, ಒಳಗೆ, ಪೆಟ್ಟಿಗೆ ಪಕ್ಕ. ನಾನು ಬಂದು ಮತಪತ್ರ ಹಾಕಿದೆ. ನೀನು ತಲೆ ಆಡಿಸಿದೆ. ನೆನಪಿದೆ ತಾನೆ?

ಹೊರಗೆ ಬಾವುಟ ಎದ್ದಿದೆ ನೋಡು, ಆಚೆ ತೂತಿನಲ್ಲಿಟ್ಟ ನಿನ್ನ ಇನ್ನೊಂದು ಗಾಳದ್ದು. ಮೀನು ಕಚ್ಚಿದೆ. ಎದ್ದು ಹೋಗಲ್ವಾ?

ಪೆಟ್ಟಿಗೆ ಪಕ್ಕ ಅಲ್ವಾ ನೀನು ಕೂತಿದ್ದು?

ಬಾಗಿಲ ಹತ್ರಾನಾ... ಮತದಾರರ ಪುಸ್ತಕದ ಮುಂದೆ. ಸಹಿ ಹಾಕಿಸಿಕೊಳ್ಳೋ ಜಾಗದಲ್ಲಿ. ಬೆಳಿಗ್ಗೆಯಿಂದಲಾ?

ಓ.

ಕಾಫಿ ಇದೆಯಾ ಫ್ಲಾಸ್ಕಲ್ಲಿ? ಬೇಡ, ಬಿಡು.

ನಾನೂರ ಇಪ್ಪತ್ತೆರಡು ಸಹಿ ಅದರಲ್ಲಿ. ಒಂದೊಂದೂ ನಿನ್ನ ಕಣ್ಣ ಮುಂದೆ ಬಿದ್ದಿದ್ದು. ಎರಡು ವರ್ಷ, ಮೈಲೊ. ನನ್ನ ಹೆಸರಿನ ಮುಂದೆ ಸಹಿಯ ಜಾಗ ಖಾಲಿ ಅಂತ ನಿನಗೆ ಗೊತ್ತಿತ್ತು. ವಾರವಾರ ಇಲ್ಲಿ ಕೂತು ಹಾಫ್‌ಮನ್ ಅಕ್ಕತಂಗಿಯರ ಕಥೆ ಕೇಳಿದೆ, ಹಸು ಕಥೆ ಕೇಳಿದೆ. ಒಂದು ಮಾತು ಆಡಲಿಲ್ಲ.

ನಾನು ಎಲ್ಲಿದ್ದೆ ಅಂತೀಯಾ? ಊರಲ್ಲೇ ಇದ್ದೆ. ಟೌನ್ ಹಾಲಿನ ಎದುರು, ಅಗ್ನಿಶಾಮಕ ಶೆಡ್ಡಿನ ಪಕ್ಕದ ಸಂದಿಯಲ್ಲಿ, ನನ್ನ ಟ್ರಕ್ಕಿನಲ್ಲಿ. ಬೆಳಿಗ್ಗೆ ಏಳರಿಂದ. ಲೈಲ್ ಶೆಡ್ಡಿನ ಮುಂದೆ ರಸ್ತೆಗೆ ಮರಳು ಎರಚ್ತಾ ಇದ್ದ. ಬಂದವರು ಜಾರದ ಹಾಗೆ ತೋಳು ಹಿಡಿದು ದಾಟಿಸ್ತಿದ್ದ. ಪ್ರಚಾರ ಮಾಡ್ತಿದ್ದಾನೆ, ಹಿಡಿದುಕೊಡೋಣ ಅಂತ ಕಾದೆ. ಅಭ್ಯರ್ಥಿ ಮತಗಟ್ಟೆಯಿಂದ ನೂರು ಅಡಿ ಆಚೆ ಇರಬೇಕಲ್ಲ. ಆಮೇಲೆ ಟೇಪು ಹಿಡಿದು ಅಳೆದೆ. ನೂರನಾಲ್ಕು ಅಡಿ ಇತ್ತು.

ಪ್ರಚಾರದ ಮಾತು ಒಂದೂ ಆಡಲಿಲ್ಲ ಅವನು. ಗಾಜು ಇಳಿಸಿ ಕೇಳಿದ್ದೀನಿ. 'ನಿಧಾನ, ಇಲ್ಲಿ ಜಾರುತ್ತೆ' ಅಂತಿದ್ದ. ಅಷ್ಟೇ. ಜನ ತಾವಾಗಿ ಕೈ ಕುಲುಕ್ತಿದ್ರು.

ಮಧ್ಯಾಹ್ನ ಒಂದು ಸಲ ಬಾಗಿಲಿಗೆ ಕೈ ಹಾಕಿದ್ದೆ, ಇಳಿದು ವೋಟು ಹಾಕೋಣ ಅಂತ. ಅಷ್ಟರಲ್ಲಿ ಪಾದ್ರಿಯ ಕಾರು ಬಂತು. ಪಾದ್ರಿ ಅವನ ಕೈ ಕುಲುಕ್ತಾನಾ ನೋಡೋಣ ಅಂತ ಕೂತೆ. ಕುಲುಕಿದ. ಏಳೂ ಮುಕ್ಕಾಲಿಗೆ ಮತ್ತೆ ಹೊರಟೆ. ಆಗ ಆರ್ಲಿಸ್ ಬಂದಳು. ಲೈಲ್ ಅವಳ ಮೊಣಕೈ ಹಿಡಿದ. ಏನೋ ಅಂದ. ಅವಳು ನಕ್ಕಳು. ಕರಡಿ ಜೋಕು ಇರಬೇಕು. ಒಳಗೆ ಹೋಗಿ ವೋಟು ಹಾಕಿ ಬಂದಳು, ಅವನ ಕೈ ಕುಲುಕಿ ಮತ್ತೆ ಅವನ ಹತ್ರ ನಿಂತಳು. ಎಷ್ಟು ಹೊತ್ತು ನಿಲ್ತಾಳೆ ನೋಡೋಣ ಅಂತ ನಾನು...

ಆಮೇಲೆ ನೀನು ಬಾಗಿಲಿಗೆ ಬಂದೆ. ಎಂಟು ಗಂಟೆ. 'ಮತದಾನ ಮುಗೀತು' ಅಂತ ಕೂಗಬೇಕು, ಅದು ನಿನ್ನ ಕೆಲಸ. ನೀನು ಕೂಗಲಿಲ್ಲ, ಒಂದು ನಿಮಿಷ ಸುಮ್ಮನೆ ನಿಂತೆ. ನನ್ನ ಟ್ರಕ್ಕಿನ ಕಡೆಗೇ ನೋಡ್ತಾ ನಿಂತೆ. ನಾನು ಸೀಟಿನಲ್ಲಿ ಕೆಳಗೆ ಜಾರಿದೆ. ಆಗ ನೀನು ಕೂಗಿದೆ.

ಶನಿವಾರ ನೀನು ಏಳಲ್ಲ. ಏಳಬೇಡ.

ಆರ್ಲಿಸ್‌ಗೆ ಹೇಳ್ತೀಯಾ? ಇಲ್ಲ. ನೀನು ಹೇಳಲ್ಲ. ನಾನೇ ಹೇಳಬೇಕು ಅಂತ ನೋಡ್ತಾ ಇದ್ದೀಯ.

ತಗೋ, ಪುಸ್ತಕ. ಆರು ದಾರಿ ಬಿಟ್ಟು ಮುಂದಿನ ಪುಟ ನೋಡು. ಅಲ್ಲಿ ಏನೂ ಬರೆದಿಲ್ಲ, ಬರೀ ಗೀಟು, ಒಬ್ಬೊಬ್ಬರಿಗೆ ಒಂದು. ಲೈಲ್ ಕೈ ಕುಲುಕಿದವರು, ಬೆಳಿಗ್ಗೆ ಏಳರಿಂದ ರಾತ್ರಿ ಎಂಟರವರೆಗೆ. ಆರ್ಲಿಸ್ ಸೇರಿ ನೂರ ಎಂಬತ್ತೇಳು.