ಯುದ್ಧನೌಕೆಯ ತಂತಿಗಳು

ಚರ್ಮದ ಡಾಕ್ಟರ ಕೋಣೆಯ ಹೊರಗೆ ಸರದಿ ಕಾಯುತ್ತಿದ್ದ ನಿವೃತ್ತ ಟೀಚರಮ್ಮನ ಕಿವಿ ಪಕ್ಕದ ಬೆಂಚಿಗೆ ಅಂಟಿಕೊಂಡಿತು. ಅಲ್ಲಿ ಕೂತಿದ್ದವರು ಒಬ್ಬ ಬೋಳುತಲೆಯವನು ಮತ್ತು ಅವನ ಹೆಂಡತಿಯ ತಮ್ಮ. ಹೆಂಡತಿ ಒಳಗಿದ್ದಳು.

“ಭಾವ, ಅಕ್ಕನ ಕೂದಲು ಕಿತ್ತಿದ್ದು ನೀವಾ?”

“ಮೆಲ್ಲಗೆ ಮಾತಾಡೋ! ನಾನು ಕಟ್ತಿರೋ ಮಾಡೆಲ್ಲು ಅಂಗೈಯಷ್ಟು ಯುದ್ಧನೌಕೆ ಕಣೋ. ಕಂಬದಿಂದ ಕಂಬಕ್ಕೆ ತಂತಿ ಅಂತ ದಾರ ಕಟ್ಟಿದ್ರೆ ಬಟ್ಟೆ ಒಣಹಾಕೋ ಹಗ್ಗದ ಥರ ಕಾಣುತ್ತೆ. ಕೂದಲೇ ಆಗಬೇಕು.”

“ಬಾಚಣಿಗೇಲಿ ಸಿಗಲ್ವಾ?”

“ಅದು ಸುರುಳಿ ಸುತ್ತಿರುತ್ತೆ. ಅವಳು ನಿದ್ದೇಲಿದ್ದಾಗ ಹೊಸದಾಗಿ ಕಿತ್ತು, ಚಿಮಟದಲ್ಲಿ ಎಳೆದು ಹಿಡಿದು, ಸೂಜಿಮೊನೆಯಷ್ಟು ಗಮ್ ಮುಟ್ಟಿಸಿದ್ರೆ ನೆಟ್ಟಗೆ ನಿಲ್ಲುತ್ತೆ.”

“ನಿಮ್ಮ ತಲೇದೇ ಕೀಳಬೇಕಿತ್ತು.”

“ಇದ್ದಿದ್ರೆ ಅವಳ ತಲೆಗ್ಯಾಕೆ ಕೈ ಹಾಕ್ತಿದ್ದೆ?”

“ಅಳ್ತಾ ಬಂದಿದ್ದಾಳೆ ಭಾವ. ಹೇಳಿಬಿಡಿ.”

“ಹೇಳ್ತೀನಿ ಕಣೋ. ಹಿಂದಿನ ಕಂಬ ಒಂದು ಮುಗೀಲಿ.”

ಬಾಗಿಲು ತೆರೆದು ಹೆಂಡತಿ ಹೊರಬಂದಳು.

“ಚಿಂತೆಯಿಂದ ಉದುರ್ತಿದೆಯಂತೆ. ಮನೇಲಿ ಯಾರಾದ್ರೂ ಕಾಟ ಕೊಡ್ತಾರಾ ಅಂತ ಕೇಳಿದ್ರು. ಅಯ್ಯೋ, ನಮ್ಮ ಯಜಮಾನ್ರು ಪಾಪ, ಅವರಾಯ್ತು ಅವರ ಹಡಗಾಯ್ತು, ಯಾರ ತಂಟೆಗೂ ಹೋಗಲ್ಲ ಅಂದೆ.”

ತಮ್ಮನಿಗೆ ಕೆಮ್ಮು ಬಂತು.

ಹೊರಡುವಾಗ ಭಾವನ ಕಣ್ಣು ಟೀಚರಮ್ಮನ ಉದ್ದ ಜಡೆಯ ಮೇಲೆ ಒಂದು ಗಳಿಗೆ ನಿಂತಿತು. ಅವರು ಜಡೆಯನ್ನು ಮಡಿಲಿಗೆಳೆದುಕೊಂಡು, ಮೂವರೂ ಮೆಟ್ಟಿಲಿಳಿಯುವವರೆಗೆ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.