‘ಹೊಗೆಯಿಲ್ಲದ ಮನೆ’ಯ ಫಲಕ

ಮಾನ್ಯ ಅಧ್ಯಕ್ಷರೇ, ಮುಖ್ಯೋಪಾಧ್ಯಾಯಿನಿ ತಾನ್ ಮೇಡಂ ಅವರೇ, ಈ ಚಳಿಯಲ್ಲೂ ಮೊಮ್ಮಕ್ಕಳ ಕುಣಿತ ನೋಡಲು ಬಂದಿರುವ ಅಜ್ಜ ಅಜ್ಜಿಯರೇ, ಕೊನೆಯ ಸಾಲಿನಲ್ಲಿ ಕುಳಿತು ಸೂರ್ಯಕಾಂತಿ ಬೀಜ ಸುಲಿಯುತ್ತಿರುವ ಸಭಿಕರೇ,

ನಾನು ಛೂ ಮಾವ್‌ಲಿನ್, ನಮ್ಮ ಚಾಂಗ್ದೆ ನಗರದಲ್ಲಿ ಟೈಲ್ಸ್ ವ್ಯಾಪಾರಿ, ಈ ಶಿಶುವಿಹಾರದ ಮಾನ್‌ಮಾನ್‌ಳ ಅಪ್ಪ. ಆರು ತಿಂಗಳ ಹಿಂದೆ ಸಿಗರೇಟು ಬಿಟ್ಟವನೆಂದು ಇವತ್ತು ನನಗೆ ‘ಹೊಗೆಯಿಲ್ಲದ ಮನೆ’ ಎಂಬ ಫಲಕ ಕೊಡುತ್ತಿದ್ದಾರೆ. ಬಿಟ್ಟದ್ದು ಹೇಗೆಂದು ನಾಲ್ಕು ಮಾತು ಹೇಳಬೇಕಂತೆ.

ನಮ್ಮ ವ್ಯಾಪಾರದಲ್ಲಿ ಸಿಗರೇಟು ನೀಡದೆ ಮಾತು ಶುರುವಾಗುತ್ತದೆಯೇ? ನೀಡಿದ್ದನ್ನು ಬೇಡವೆನ್ನಲಾಗುತ್ತದೆಯೇ? ಬಾಯಿ ಖಾಲಿಯಿಲ್ಲದಿದ್ದರೆ ಕಿವಿಯ ಮೇಲಾದರೂ ಸಿಕ್ಕಿಸಿಕೊಳ್ಳಬೇಕು. ನನ್ನ ಮದುವೆಯ ದಿನ ನನ್ನ ಎರಡೂ ಕಿವಿ ತುಂಬಿ, ಮಾವನವರ ಕಿವಿಯಲ್ಲಿ ಜಾಗ ಕೇಳಿದ್ದೆ.

ಇರಲಿ. ಬೇಸಿಗೆಯಲ್ಲಿ ಇಲ್ಲಿ ಮಕ್ಕಳಿಗೆ ‘ಮನೆಗೆ ಅತಿಥಿ ಬಂದರು’ ಎಂಬ ಆಟ ಆಡಿಸಿದರು. ಬೇರೆ ಮಕ್ಕಳು ಚಹಾ ಕೊಟ್ಟರು, ಬಿಸ್ಕತ್ತು ಕೊಟ್ಟರು. ನಮ್ಮ ಮಾನ್‌ಮಾನ್ ಸೀಮೆಸುಣ್ಣದ ಪೆಟ್ಟಿಗೆ ತೆರೆದು, ಒಂದನ್ನು ಅರ್ಧ ಹೊರಗೆಳೆದು, ಎರಡೂ ಕೈಯಲ್ಲಿ ತಾನ್ ಮೇಡಂ ಮುಂದೆ ಹಿಡಿದಳು.

“ತಗೊಳ್ಳಣ್ಣ, ಒಂದೇ ಒಂದು!”

“ನಾನು ಸೇದಲ್ಲ ಪುಟ್ಟಿ.”

“ಏನಣ್ಣ ನೀನು, ನನ್ನ ಮರ್ಯಾದೆ ತೆಗೀತೀಯಾ?” ಎಂದವಳೇ ಮೇಡಂ ಕಿವಿಗೆ ಸಿಕ್ಕಿಸಿ, ತಾನೊಂದು ಬಾಯಿಗಿಟ್ಟು, ಥೇಟ್ ನನ್ನ ಹಾಗೇ ಕೆಮ್ಮಿ, “ಇದೇ ಕೊನೇದು” ಎಂದಳಂತೆ. ಐದು ವರ್ಷದ ಹುಡುಗಿ!

ಮೇಡಂ ನನ್ನನ್ನು ಕರೆಸಿದರು. ನಾಚಿಕೆಯಿಂದ ಕುಗ್ಗಿಹೋದೆ. ಅವತ್ತಿನಿಂದ ಮನೆಯೊಳಗೆ ಒಂದೇ ಒಂದು ಸಿಗರೇಟು ಸೇದಿಲ್ಲ. ಹೌದು, ಮನೆಯೊಳಗೆ ಎಂದೆ. ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಪೈಲಾನ್ ಕತ್ತು ಎತ್ತಿ ಏಳುತ್ತಿದ್ದಾಳೆ. ಕೂತ್ಕೋ ಮಾರಾಯ್ತಿ, ಶುರು ಮಾಡಿದ್ದೇನೆ, ಮುಗಿಸಿಬಿಡುತ್ತೇನೆ.

ಕಸ ಹಾಕಿ ಬರುತ್ತೇನೆಂದು ನಾನು ದಿನಕ್ಕೆ ನಾಲ್ಕು ಸಲ ಕೆಳಗಿಳಿಯುತ್ತೇನೆ. ಮೂರು ಜನರ ಮನೆಯಲ್ಲಿ ಅಷ್ಟು ಕಸ ಎಲ್ಲಿಂದ ಬರಬೇಕು ಹೇಳಿ? ಒಮ್ಮೆ ಕಸವೇ ಸಿಗದೆ ಒಳ್ಳೆಯ ಎಲೆಕೋಸನ್ನೇ ಎತ್ತಿಕೊಂಡು ಹೋದೆ. ಪಾಪ, ಪೈಲಾನ್ ಅಕ್ಕಪಕ್ಕದವರ ಮುಂದೆಲ್ಲ “ನಮ್ಮೋರು ಮನೆಗೆಲಸ ಎಷ್ಟು ಮಾಡ್ತಾರೆ ಗೊತ್ತಾ!” ಎಂದು ಹೊಗಳಿದಳು.

ನಿನ್ನೆ ಸಂಜೆ ಬಾಗಿಲಲ್ಲೇ ಹಿಡಿದಳು. “ಎಲ್ಲಿಗೆ ಹೋಗಿದ್ರಿ? ಕಸದ ಚೀಲ ಇಲ್ಲೇ ಇದೆಯಲ್ಲ?”

ನಾನು ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದೆ. ಮಾನ್‌ಮಾನ್ ಆಟದಿಂದ ತಲೆಯನ್ನೂ ಎತ್ತದೆ ಹೇಳಿದಳು: “ಅದು ಬೇರೆ ಚೀಲ ಅಮ್ಮ. ಕಿತ್ತಳೆ ಸಿಪ್ಪೆದು. ನೊಣ ಬಂದಿತ್ತು.”

ಈ ಚಳಿಯಲ್ಲಿ ಎಲ್ಲಿಯ ನೊಣ? ಆದರೆ ಅವಳು ಹೇಳಿದ ಠೀವಿಗೆ ಪೈಲಾನ್ ನಂಬಿಬಿಟ್ಟಳು. ಆಮೇಲೆ ಮಗಳು ನನ್ನ ಹತ್ತಿರ ಬಂದು ಪಿಸುಗುಟ್ಟಿದಳು: “ಹೆದರ್ಬೇಡ ಅಪ್ಪ, ನಾನಿದ್ದೀನಿ.”

ನೋಡಿ ಸಭಿಕರೇ. ಸಿಗರೇಟು ಸೇದಲು ಅವಳಿಗಿನ್ನೂ ಬರುವುದಿಲ್ಲ. ಸುಳ್ಳು ಹೇಳಲು ಚೆನ್ನಾಗಿ ಬರುತ್ತದೆ. ಕಲಿಸಿದವನು ನಾನು.

ಫಲಕ ಮೇಡಂ ಹತ್ತಿರವೇ ಇರಲಿ. ಮಾನ್‌ಮಾನ್, ಮೊಲದ ಟೋಪಿ ಹಾಕಿಕೊಂಡು ಅಲ್ಲಿ ನಿಂತಿದ್ದೀಯಲ್ಲ, ಕೇಳು ಮಗಳೇ: ಇನ್ನು ನೀನು ನನ್ನನ್ನು ಕಾಪಾಡಬೇಕಾಗಿಲ್ಲ. ಅಪ್ಪನೇ ಎಲ್ಲ ಹೇಳಿಬಿಟ್ಟ, ಮೈಕಿನಲ್ಲಿ.

ತಾಳ್ಮೆಯಿಂದ ಕೇಳಿದ ನಿಮಗೂ, ಕೈಚೀಲ ಬೀಸುತ್ತಾ ವೇದಿಕೆ ಹತ್ತುತ್ತಿರುವ ನನ್ನ ಹೆಂಡತಿಗೂ ವಂದನೆಗಳು. ಹಿಂದಿನ ಬಾಗಿಲು ಯಾವ ಕಡೆ ಮೇಡಂ? ನಮಸ್ಕಾರ!