ಹಸಿರು ಗುರುತಿನ ಟೋಪಿ

"ತಾತಾ, ರಾಜಾನುಕುಂಟೆ ಯಾವ್ ಕಡೆ?"

ಸ್ಕೂಟರ್ ನಿಲ್ಲಿಸಿ ಬಿಂದುಶ್ರೀ ಕೇಳಿದಳು. ನನ್ನ ಚಿಕ್ಕಮ್ಮನ ಮಗಳು. ವಿಮಾನ ಇಳಿದ ನನ್ನನ್ನು ಹಿಂದೆ ಕೂರಿಸಿಕೊಂಡು ರಾಜಾನುಕುಂಟೆಯ ತನ್ನ ಮನೆಗೆ ಬಾಗಲೂರು ಕಡೆಯ ಒಳದಾರಿ ಹಿಡಿದಿದ್ದಳು. ಕತ್ತಲಲ್ಲಿ ದಾರಿ ತಪ್ಪಿತ್ತು. ಭಾಷೆ ಬಾರದ ಎಷ್ಟೋ ಊರುಗಳಲ್ಲಿ ನಾನು ಒಬ್ಬಳೇ ದಾರಿ ಹುಡುಕಿಕೊಂಡಿದ್ದೇನೆ. ಹುಟ್ಟಿದ ಊರಿನ ಹೊಸ ಲೇಔಟುಗಳ ಮುಂದೆ ಮಾತ್ರ ನನ್ನ ಆಟ ನಡೆಯೋದಿಲ್ಲ. ಎಲ್ಲ ರಸ್ತೆಗೂ ಒಂದೇ ಮುಖ.

ಒಂದು ಆಲದ ಮರ. ಪಕ್ಕದಲ್ಲಿ ಹಳೆ ಬಾವಿ, ಅದರ ಬಾಯಿಗೆ ಕಬ್ಬಿಣದ ಜಾಲರಿ. ಕಟ್ಟೆ ಮೇಲೆ ಕಂಬಳಿ ಹೊದ್ದು ಕೂತ ಮುದುಕ. ಲೇಔಟಿನ ವಾಚ್‌ಮನ್ ಇರಬೇಕು.

"ಇಂಗೇ ನೆಟ್ಟಗೆ ಓಗಿ ಎಡಕ್ಕೆ ತಿರುಗವ್ವ. ಈಗ್ತಾನೆ ಒಬ್ಬ ಉಡುಗನೂ ಇದೇ ದಾರಿ ಕೇಳ್ಕಂಡು ಓದ."

"ಯಾವ ಹುಡುಗ?"

"ತಲೇಗೆ ಬಿಗಿಯಾಗಿ ಬಿಳೀ ಟೋಪಿ ಆಕ್ಕಂಡಿದ್ದ. ಈಜೋರು ಆಕ್ಕಂತಾರಲ್ಲ, ಅಂತದ್ದು. ಪಕ್ಕದಾಗೆ ಒಂದು ಅಸ್ರು ಗುರ್ತು. ಅಕ್ಕನ ಮನೇಗ್ ಓಗ್ಬೇಕು ಅಂದ."

"ಜಾಲರಿ ಹಾಕಿರೋ ಬಾವೀಲಿ ಈಜೋಕೆ ಬಂದಿದ್ನೇನೋ," ಎಂದು ನಾನು ನಕ್ಕೆ. ಬಿಂದು ನಗಲಿಲ್ಲ. ಸ್ಕೂಟರನ್ನು ಒಮ್ಮೆಲೇ ಮುಂದಕ್ಕೆ ಓಡಿಸಿದಳು.

"ಅಕ್ಕ... ಮಾತಾಡ್ಬೇಡ. ಮನೆ ಸೇರೋವರೆಗೂ ಹಿಂದೆ ತಿರುಗ್ಬೇಡ."

ಮನೆ ಸೇರಿ, ಚಿಲಕ ಹಾಕಿದ ಮೇಲೆ ಪಿಸುದನಿಯಲ್ಲಿ ಹೇಳಿದಳು. "ಅದು ಹೇಮಂತನ ಟೋಪಿ. ಅವನ ಜೊತೆಗೇ ಸುಟ್ಟಿದ್ವಿ."

ಹೇಮಂತ ಅವಳ ತಮ್ಮ. ಅವನು ಸತ್ತಾಗ ನಾನು ಯಾವುದೋ ದೇಶದಲ್ಲಿದ್ದೆ. ಫೋನಿನಲ್ಲೇ ಅತ್ತುಬಿಟ್ಟೆ. ಮಾರನೇ ದಿನ ಬೇರೊಂದು ದೇಶಕ್ಕೆ ಹೊರಟೆ. ನನ್ನ ಬದುಕೇ ಹಾಗೆ, ಬಿಡಿ.

ಅವನು ಬೈಕಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಮೂಳೆ ಕೂಡಿತು, ನೋವಿನ ಮಾತ್ರೆ ಮಾತ್ರ ಬಿಡಲಿಲ್ಲ. ಅಫೀಮಿನ ಜಾತಿಯ ಮಾತ್ರೆ ಅದು. ಮನೆಯ ಗ್ಯಾಸ್ ಸಿಲಿಂಡರ್ ಕೂಡ ಮಾರಿ ಬಂದಿದ್ದ. ಕೊನೆಗೆ ಬಿಂದು ಸಹಕಾರನಗರದ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ಅಲ್ಲಿ ತಲೆಗೆ ಆ ಟೋಪಿ ಹಾಕಿ, ಹಸಿರು ಇಂಕಿನಲ್ಲಿ ಗುರುತು ಮಾಡಿದ ಜಾಗಕ್ಕೆ ಅಯಸ್ಕಾಂತದ ಸುರುಳಿ ಹಿಡಿಯುತ್ತಿದ್ದರು. ಟಕಟಕಟಕಟಕ... ಮೌನ. ಮತ್ತೆ ಟಕಟಕಟಕಟಕ. ಆಸೆ ಎದ್ದಾಗ ಕೈಯನ್ನು ತಡೆಯುವ ಜಾಗ ಮಿದುಳಲ್ಲಿ ಮಂಕಾಗಿರುತ್ತಂತೆ, ಅದನ್ನು ತಟ್ಟಿ ಎಬ್ಬಿಸುವ ಪ್ರಯತ್ನ.

"ಮರಕುಟಿಗ ತಲೇಲಿ ಗೂಡು ಕಟ್ತಿದೆ, ಬಾಡಿಗೆ ಕೇಳು ಬಿಂದಕ್ಕ ಅಂತಿದ್ದ," ಎಂದಳು ಬಿಂದು.

ಡಾಕ್ಟರ್ ಮೊದಲೇ ಹೇಳಿದ್ದರು. ಇದು ಇನ್ನೂ ಪರೀಕ್ಷೆ ನಡೀತಿರೋ ಚಿಕಿತ್ಸೆ, ಔಷಧಿ ನಿಲ್ಲಿಸಬಾರದು, ಮನೇಲೂ ಅಭ್ಯಾಸ ಬೇಕು ಅಂತ. ಅಭ್ಯಾಸ ಅಂದರೆ ಕಾರ್ಡಿನ ಆಟ. ಬಿಂದು ಹಳೇ ಮದುವೆ ಕಾಗದಗಳನ್ನು ಕತ್ತರಿಸಿ, ಹಿಂಬದಿಗೆ ಪೇಪರಿನ ಚಿತ್ರ ಅಂಟಿಸಿದ್ದಳು. ಇಡ್ಲಿ, ಬಸ್ಸು, ಸೇವಂತಿಗೆ. ಅವು ಬಂದರೆ ಅವನು ಬೆರಳಿನಿಂದ ಟಕ್ ಅಂತ ಕುಟ್ಟಬೇಕು. ಮಾತ್ರೆ ಹಾಳೆಯ ಚಿತ್ರ ಬಂದರೆ ಕೈ ತೊಡೆ ಮೇಲೇ ಇರಬೇಕು. ಆಡುವಾಗ ಟೋಪಿ ಹಾಕಿಕೊಳ್ಳುತ್ತಿದ್ದ. ಹಾಕಿದ್ರೆ ಕೈ ಮಾತು ಕೇಳುತ್ತೆ ಅಂತ ಅವನ ನಂಬಿಕೆ. ಆ ಗುರುತನ್ನು ಉಜ್ಜಿ ಉಜ್ಜಿ ಬೆರಳ ತುದಿ ಸದಾ ಹಸಿರು.

ಆಟದಲ್ಲಿ ಅವನು ಪ್ರತಿ ಸಲ ಸೋಲುತ್ತಿದ್ದ. ಮಾತ್ರೆ ಕಂಡರೆ ಕೈ ತಾನಾಗಿ ಹೋಗಿಬಿಡುತ್ತಿತ್ತು. ಬರುಬರುತ್ತಾ ಸ್ವಲ್ಪ ತಡೆಯತೊಡಗಿದ. ಮಾತ್ರೆಯನ್ನೂ ಬಿಟ್ಟಿದ್ದ.

"ಸಾಯೋ ರಾತ್ರಿ ಬಂದು ಬಾಗಿಲು ಬಡಿದ, ಅಕ್ಕ. 'ಬಿಂದಕ್ಕ, ಕೈ ಎಳೀತಿದೆ... ಕಾರ್ಡ್ ಆಡೋಣ ಬಾ' ಅಂದ. ದುಡ್ಡಿಗೆ ಬಂದಿದ್ದಾನೆ, ಇದೂ ಒಂದು ನಾಟಕ ಅಂದ್ಕೊಂಡೆ. ನಂಗೆ ನಿದ್ದೆ. ಮಲಗಿದ್ದಲ್ಲಿಂದಲೇ ಕೂಗಿದೆ..."

"ಏನಂತ?"

"ನಾಳೆ ಬಾ ಅಂತ."

ನಮ್ಮಜ್ಜಿ ಸುಣ್ಣದಲ್ಲಿ ಬಾಗಿಲ ಮೇಲೆ ಬರೆಯುತ್ತಿದ್ದ ಮಾತು ಅದು. ರಾತ್ರಿ ಬಂದ ದೆವ್ವ ಓದಿಕೊಂಡು ಹಿಂದೆ ಹೋಗಲಿ ಅಂತ.

"ದೆವ್ವಕ್ಕೆ ಹೇಳೋದನ್ನ ಬದುಕಿದ್ದ ತಮ್ಮನಿಗೆ ಹೇಳ್ಬಿಟ್ಟೆ. ಹೋಗಿ ಮಾತ್ರೇನ ಹಳೇ ಅಳತೇಲೇ ತಗೊಂಡ. ಬಿಟ್ಟಿದ್ದ ಮೈ ತಡ್ಕೊಳ್ಳಲಿಲ್ಲ. ಬೆಳಗ್ಗೆ ಒಂದು ಬಾವಿಕಟ್ಟೆ ಹತ್ರ ಸಿಕ್ಕಿದ; ನಾನು ಆ ಜಾಗ ನೋಡಿರ್ಲಿಲ್ಲ, ಇದೇ ಇರ್ಬೇಕು. ಈಗ ನಾನು ಹೇಳಿದ್ದನ್ನೇ ಕೇಳ್ತಿದ್ದಾನೆ... ದಿನಾ ಬರ್ತಾನೆ."

ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ನೂರು ಊರಿನ ದೆವ್ವದ ಕತೆ ಕೇಳಿ ನಕ್ಕವಳು ನಾನು.

ಟಕಟಕಟಕಟಕ...

ಬಾಗಿಲ ಕೆಳಭಾಗದಲ್ಲಿ. ಗಟ್ಟಿಯಾಗಲ್ಲ. ಉಗುರಿನಿಂದ ಮರ ಕುಟ್ಟಿದಂತೆ.

ಮೌನ.

ಟಕಟಕಟಕಟಕ...

ಬಿಂದು ಎರಡೂ ಕಿವಿ ಮುಚ್ಚಿಕೊಂಡಳು. "ತೆಗೀಬೇಡ."

"ಅವನು ಕೇಳಿದ್ದೇನು, ಬಿಂದು?"

"ಕಾರ್ಡು... ಒಂದಾಟ."

"ನೀನು ಏನಂದೆ?"

ಅವಳು ಕಿವಿಯಿಂದ ಕೈ ತೆಗೆದಳು. ಆಮೇಲೆ ಎದ್ದು, ಅಡುಗೆಮನೆ ಡಬ್ಬದಿಂದ ಕಾರ್ಡಿನ ಕಟ್ಟು ತಂದಳು. ಚಿಲಕ ಕಿರ್ ಎಂದಿತು. ಹೊರಗೆ ಯಾರೂ ಇಲ್ಲ. ಬೀದಿದೀಪ, ಜಲ್ಲಿ ರಾಶಿ, ಅಷ್ಟೇ. ಹೊಸ್ತಿಲ ಒಳಗೆ ಚಕ್ಕಳಮಕ್ಕಳ ಹಾಕಿ ಕೂತಳು. ನಾನು ಮೊಬೈಲ್ ಟಾರ್ಚ್ ಹಿಡಿದೆ. ಹೊರಗಿನ ಕಲ್ಲಿನ ಮೇಲೆ ಇಡ್ಲಿ ಕಾರ್ಡ್ ಇಟ್ಟಳು.

ಟಕ್.

ಟಾರ್ಚಿನ ಬೆಳಕು ಗೋಡೆಗೆ ಹಾರಿತು. ಕಾರ್ಡಿನ ಹತ್ತಿರ ನಾವಿಬ್ಬರೂ ಕೈ ಇಟ್ಟಿರಲಿಲ್ಲ.

ಬಸ್ಸು. ಟಕ್. ಸೇವಂತಿಗೆ. ಟಕ್.

ಮುಂದಿನ ಕಾರ್ಡನ್ನು ನೋಡಿದವಳೇ ಬಿಂದು ಅದನ್ನು ಎದೆಗೆ ಒತ್ತಿಕೊಂಡಳು. ನನಗೆ ಗೊತ್ತಾಯಿತು.

"ಇಡು," ಎಂದೆ.

ಇಟ್ಟಳು. ಮಾತ್ರೆಯ ಹಾಳೆ.

ಕಾದೆವು... ದೂರದಲ್ಲಿ ಲಾರಿಯೊಂದು ಗೇರ್ ಬದಲಿಸಿತು. ಹೊಸ್ತಿಲಾಚೆ ಯಾರೋ ಮೂಗಿನಿಂದ ಜೋರಾಗಿ ಉಸಿರೆಳೆದುಕೊಂಡು, ಹಿಡಿದಿಟ್ಟ ಹಾಗೆ... ಕಾದೆವು...

ಏನೂ ಕುಟ್ಟಲಿಲ್ಲ.

"ಮುಟ್ಲಿಲ್ಲ ಕಣೋ ನೀನು," ಬಿಂದು ಬಿಕ್ಕಿದಳು. "ನೀನು ಮುಟ್ಲಿಲ್ಲ... ನಾನು ಬರಬೇಕಾಗಿತ್ತು, ಹೇಮು. ಅವತ್ತೇ ಎದ್ದು ಬರಬೇಕಾಗಿತ್ತು."

ಅಳುತ್ತಲೇ ಉಳಿದ ಕಾರ್ಡುಗಳನ್ನು ಒಂದೂ ಬಿಡದೆ ಇಟ್ಟಳು. ಆಟ ಪೂರ್ತಿ ಆಡಿಸಿದಳು. ಕೊನೆಯ ಟಕ್ ಆದ ಮೇಲೆ ಜಲ್ಲಿಯ ಮೇಲೆ ಚಪ್ಪಲಿ ಸರಕ್... ಸರಕ್... ಎಂದು ದೂರವಾಯಿತು. ಆಮೇಲೆ ಆ ಬಾಗಿಲನ್ನು ಯಾರೂ ಹಾಗೆ ಬಡಿದಿಲ್ಲ.

ಟಾರ್ಚ್ ಹಿಡಿದವಳು ನಾನೇ, ಯಾರೋ ಹೇಳಿದ ಕತೆ ಅಲ್ಲ ಇದು. ಬೆಳಗ್ಗೆ ಕಾರ್ಡುಗಳನ್ನು ಆಯ್ದವಳೂ ನಾನೇ. ಇಡ್ಲಿಯ ಮೇಲೆ, ಬಸ್ಸಿನ ಮೇಲೆ, ಸೇವಂತಿಗೆಯ ಮೇಲೆ ಒಂದೊಂದು ಹಸಿರು ಬೆರಳಚ್ಚು. ಮಾತ್ರೆಯ ಕಾರ್ಡ್ ಮಾತ್ರ ಸ್ವಚ್ಛವಾಗಿತ್ತು.